ಸಮಿತಿ ಮಾಳಿಗೆ ಹತ್ತಿದ ದಿನ

ಮಗಳ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಮೊದಲ ಹೆಣಿಕೆ ಹಾಕುವಷ್ಟರಲ್ಲಿ ಕಟ್ಟೆಯ ಮೇಲಿನ ಫೋನು ಬಡಿದುಕೊಂಡಿತು. ಬಸವೇಶ್ವರಿಯ ಎರಡೂ ಕೈಗೆ ಕೊಬ್ಬರಿ ಎಣ್ಣೆ. ಕಿರುಬೆರಳಿನ ತುದಿಯಿಂದ ಒತ್ತಿ ಸ್ಪೀಕರಿಗೆ ಹಾಕಿದಳು. "ಅವ್ವಾ, ಒಂದ್ ಮಾತ್ ಕೇಳ್ಲಿ?" ಎಂದು ಶಾಂಭವಿ ಅದೇ ಹೊತ್ತಿಗೆ ಕತ್ತು ತಿರುಗಿಸಿದ್ದರಿಂದ ಹೆಣಿಕೆ ಬಿಚ್ಚಿಹೋಯಿತು. "ಸುಮ್ನ ಕೂಡು, ಪಿಡಿಓ ಸಾಹೇಬ್ರು." ಫೋನಿನೊಳಗೆ ಪಂಚಾಯಿತಿಯ ಪಿಡಿಓ ಕಲ್ಯಾಣಕುಮಾರ ಓಡುತ್ತಿರುವವನ ಹಾಗೆ ಉಸಿರು ಬಿಡುತ್ತಿದ್ದ. "ಅಧ್ಯಕ್ಷರ್ರಿ, ದಿಲ್ಲಿ ಸಮಿತಿಯವ್ರು ಮಧ್ಯಾಹ್ನ ಬರೋದಿತ್ತಲ್ರಿ, ಈಗೇ ಕಲಬುರಗಿ ಬಿಟ್ಟಾರಂತ. ನಮ್ಮದು ಮುಗಿಸಿ ಅಫಜಲಪುರ ನೋಡಿ ಸಂಜಿಗಿ ಜೇವರ್ಗಿ ಮುಟ್ಟಬೇಕಂತ್ರಿ. ನೀವು ಸೀದಾ ಸಾಲಿ ಹಾಲಿಗೆ ಬಂದ್ಬಿಡ್ರಿ. ಏನ್ ಕೇಳಿದ್ರೂ, ಮನಿ ಎಲ್ಲಾ ಪಕ್ಕಾ ಅದಾವು ಅನ್ರಿ, ಮುಗೀತು." ಬಸವೇಶ್ವರಿ ಬಿಚ್ಚಿದ ಕೂದಲನ್ನು ಮತ್ತೆ ಮೂರು ಪಾಲು ಮಾಡುತ್ತ, "ಆತ್ರಿ, ಬರ್ತೇನಿ" ಎಂದಳು. ಏನು ಅನ್ನಬೇಕು ಎಂಬುದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ಹಾಗೆ ಉತ್ತರ ಕೊಡದೆ ಬಿಡುವುದನ್ನು ಅವಳು ಈ ಎರಡು ವರ್ಷಗಳಲ್ಲಿ ಕಲಿತಿದ್ದಳು. ಕಲಿತದ್ದು ಚೆನ್ನಾಗಿಯೇ ಬಂದಿತ್ತು. ರಿಬ್ಬನ್ನು ಬಿಗಿದು, ಮಗಳ ಬೆನ್ನು ತಟ್ಟಿ, "ಈಗ ಹೇಳು, ಏನ್ ಕೇಳ್ತಿದ್ದಿ?" ಎಂದರೆ ಹುಡುಗಿ ಚೀಲ ಹೆಗಲಿಗೇರಿಸಿ, "ಸಂಜಿಗಿ ಕೇಳ್ತೇನಿ" ಎಂದು ನಡೆದೇಬಿಟ್ಟಳು. ಶಾಲೆಯಿಂದ ಜಿಡಗಾ ಮಠಕ್ಕೆ ಕರೆದುಕೊಂಡು ಹೋಗುವ ಸುದ್ದಿ ಇತ್ತು. ಅದಕ್ಕೆ ಕಳಿಸುತ್ತೀಯಾ ಅಂತ ಕೇಳುವುದಿರಬೇಕು ಅಂದುಕೊಂಡಳು ತಾಯಿ.

ಸಂಸತ್ತಿನ ಸಮಿತಿ ಅಂದರೆ ಏನು ಎಂದು ಊರಿನವರು ಒಂದು ವಾರದಿಂದ ಅವಳನ್ನೇ ಕೇಳುತ್ತಿದ್ದರು. ಹಳ್ಳಿಯ ಮನೆಗಳಿಗೆಂದು ಸರಕಾರ ಕೊಟ್ಟದ್ದು ಮುಟ್ಟಿತೋ ಇಲ್ಲವೋ, ಇರುವ ಮನೆಗಳು ಇರುವಂಥವೋ ಅಲ್ಲವೋ, ಪಂಚಾಯಿತಿಗಳು ಏನು ಮಾಡುತ್ತವೆ ಎಂದು ಕೇಳಲು ಬರುವ ಎಂಪಿಗಳು ಎಂದು ಅವಳು ಬಿಡಿಸಿ ಹೇಳಿದ್ದಳು. ಅವರಿಗೆ ತೋರಿಸಬೇಕಾದದ್ದು ಏನು ಎಂಬುದೂ ಅವಳಿಗೆ ಸ್ಪಷ್ಟವಿತ್ತು. ಊರ ಹಿಂದಿನ ಓಣಿಯಲ್ಲಿ, ಬಾನುಬಿಯ ಮನೆಯಿಂದ ಹಿಡಿದು ಬಾವಿಯ ತನಕ, ಒಂದಕ್ಕೊಂದು ಒರಗಿಕೊಂಡು ನಿಂತ, ಚಪ್ಪಟೆ ಚಾವಣಿಯ ಹಳೆಯ ಮಾಳಿಗೆ ಮನೆಗಳು. ಸರ್ವೆಯವರು ಕೆಳಗೆ ನಿಂತು ಫೋಟೊ ಹೊಡೆದುಕೊಂಡು ಹೋಗಿದ್ದರು. ಗೋಡೆ ಕಲ್ಲಿನದು, ಜಂತಿಯ ಮೇಲೆ ಹಾಸಿದ್ದು ಪರಸಿ ಕಲ್ಲಿನ ಚಪ್ಪಡಿ, ಆದ್ದರಿಂದ ಪಕ್ಕಾ ಮನೆ. ಪಕ್ಕಾ ಮನೆಯವರಿಗೆ ಹೊಸ ಮನೆ ಇಲ್ಲ. ಪರಸಿಯ ಮೇಲೆ ಏನಿದೆ ಎಂದು ಯಾರೂ ಹತ್ತಿ ನೋಡಲಿಲ್ಲ. ನೋಡಿದ್ದರೆ ಮಣ್ಣು ಕಾಣುತ್ತಿತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಸವಳು ಮಣ್ಣು ತಂದು ಮಾಳಿಗೆಗೆ ಹಾಕಿ ತುಳಿಯುವುದು ಈ ಕಡೆಯ ಪದ್ಧತಿ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ತೆಗೆದರೆ ಸೋರುತ್ತದೆ ಎಂಬ ಹೆದರಿಕೆ. ಹದಿನೈದು ದಿನದ ಹಿಂದೆ ಸತತ ಮಳೆಯಲ್ಲಿ ಅದೇ ಓಣಿಯ ಮಲ್ಕಪ್ಪನ ಮಾಳಿಗೆ ಕುಸಿದಾಗ ಮನೆಯವರೆಲ್ಲ ಹೊಲದಲ್ಲಿದ್ದರು, ಪುಣ್ಯ. ಮುರಿದ ಅಂಚಿನಲ್ಲಿ ಮಣ್ಣು ಪದರು ಪದರಾಗಿ ಕಾಣುತ್ತಿತ್ತು: ಕರಿಯದು, ಬೂದಿ ಬಣ್ಣದ್ದು, ಹಳದಿಯದು; ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು, ಇವನು ಹಾಕಿದ್ದು. ಮೇಲಿನ ಪದರು ಈ ಬೇಸಿಗೆಯದು. ಎಂಜಿನಿಯರ್ ಬಂದು 'ಅತಿವೃಷ್ಟಿ' ಎಂದು ಬರೆದುಕೊಂಡು ಹೋದ, ಮೂರು ತಲೆಮಾರಿನ ಮಣ್ಣಿನ ಭಾರ ಎಂದು ಬರೆಯಲಿಲ್ಲ. ಬಸವೇಶ್ವರಿ ಮಾತ್ರ ಆ ಪದರುಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಏಕೆಂದರೆ ಆ ಮಣ್ಣಿನ ಸುಖ ಅವಳಿಗೆ ಗೊತ್ತಿತ್ತು. ಜೇವರ್ಗಿ ಕಡೆಯ ತವರಿನಲ್ಲಿ ಮಣ್ಣು ತುಳಿಯುವ ದಿನವೆಂದರೆ ಮಕ್ಕಳಿಗೆ ಹಬ್ಬ. ಅಪ್ಪ ಕೆಳಗಿನಿಂದ ಬುಟ್ಟಿ ಏರಿಸುತ್ತಿದ್ದ, ಅವ್ವ ನೀರು ಚಿಮುಕಿಸುತ್ತಿದ್ದಳು, ಅಣ್ಣತಮ್ಮ ಅಕ್ಕತಂಗಿ ಒಬ್ಬರ ಹೆಗಲು ಒಬ್ಬರು ಹಿಡಿದು ತಂಪು ಮಣ್ಣಿನಲ್ಲಿ ಅತ್ತಿಂದಿತ್ತ ತುಳಿಯುತ್ತ ನಗುತ್ತಿದ್ದರು. ಬೆರಳ ಸಂದಿಯಲ್ಲಿ ಮಣ್ಣು ಮೇಲೇಳುವುದು. ನಮ್ಮ ಮಾಳಿಗೆ ಒಂದು ಹನಿ ಸೋರುವುದಿಲ್ಲ ಎಂದು ಅಪ್ಪ ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದ. ಮಣ್ಣು ಏರಿದಂತೆ ಮಾಳಿಗೆಯ ಅಂಚಿನ ಕುಂಬಿಗೆ ಒಂದೊಂದು ಸಾಲು ಕಲ್ಲು ಏರಿಸುತ್ತಿದ್ದ. ಬೇಸಿಗೆಯಲ್ಲಿ ಅದೇ ಮಾಳಿಗೆಯ ಮೇಲೆ ಸಾಲಾಗಿ ಮಲಗಿ ಚುಕ್ಕಿ ನೋಡುವಾಗ, ತಮ್ಮ ಕೆಳಗೆ ಎಷ್ಟು ವರ್ಷದ ಮಣ್ಣಿದೆ ಎಂದು ಯಾರಿಗೆ ತಾನೆ ಹೊಳೆದಿತ್ತು? ಅವಳ ಮದುವೆಯಾದ ಮೇಲೆ ಅಣ್ಣ ಅದನ್ನು ಕೆಡವಿ ಸ್ಲ್ಯಾಬು ಹಾಕಿಸಿದ. ಅಂದು ಅವಳು ಅತ್ತಿದ್ದಳು. ಈಗ ಅದನ್ನು ನೆನೆದರೆ, ಅಳುವ ಬದಲು ಅಣ್ಣನಿಗೆ ಕೈ ಮುಗಿಯಬೇಕಿತ್ತು ಅನ್ನಿಸುತ್ತದೆ.

"ಏ, ಕೇಳಿಲ್ಲಿ. ಬಿಳಿ ಅಂಗಿ ಎಲ್ಲಿಟ್ಟಿ?" ಗಂಡ ಸಂಜುಕುಮಾರ ಬನಿಯನ್ನಿನಲ್ಲೇ ಪಡಸಾಲೆಗೆ ಬಂದ. ಅವಳು ಮೊದಲು ಅಧ್ಯಕ್ಷೆಯಾದಾಗ ಪಂಚಾಯಿತಿಯ ಕುರ್ಚಿಯಲ್ಲಿ ಕೂರುತ್ತಿದ್ದವನು ಅವನೇ. ಅವಳು ಹಿಂದಿನ ಬೆಂಚಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದು, ಸಭೆಯ ಚಹಾ ತರುವವನು ಅವಳನ್ನು ದಾಟಿ ಅವನಿಗೆ ಮೊದಲು ಕೊಟ್ಟಿದ್ದು, ಅವಳು ಅದನ್ನು ಸಹಜವೆಂದೇ ಕುಡಿದಿದ್ದು, ಎಲ್ಲ ಒಂದು ದಿನ ಸಾಕಾಗಿ, ಅವನು ಬರುವ ಮುಂಚೆಯೇ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಅವನು ಬಂದು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡು ನಕ್ಕಿದ್ದ. ಅಷ್ಟೇ. ಒಳ್ಳೆಯ ಮನುಷ್ಯ. ದಾರಿ ಬಿಟ್ಟರೆ ಹೋಗುವವ, ಬಿಡದಿದ್ದರೆ ನಿಲ್ಲುವವ. "ಕಪಾಟಿನಾಗ ಅದರಿ. ಆದ್ರ ನೀವೇನೂ ಮಾತಾಡಬ್ಯಾಡ್ರಿ ಅಲ್ಲಿ." "ನಾ ಯಾಕ ಮಾತಾಡ್ಲಿ? ಆದ್ರ ಒಂದ್ ತಿಳ್ಕೊ. ಆ ಓಣಿ ಮನಿಗೋಳು ಕಚ್ಚಾ ಅಂತ ನೀ ಬಾಯಿ ಬಿಟ್ಟಿ ಅಂದ್ರ, ಖಾಲಿ ಮಾಡ್ರಿ ಅಂತಾರ. ಇಲೆಕ್ಷನ್ ಬಂತು. ಮನಿ ಬಿಡಿಸಿದಾಕಿ ಅಂತ ಹೆಸ್ರು ಬಿದ್ರ ಆ ಓಣಿಯಿಂದ ಒಂದ್ ವೋಟ್ ಬೀಳಂಗಿಲ್ಲ." "ಮಾಳಗಿ ಬಿದ್ರ ವೋಟ್ ಹಾಕೋರು ಉಳೀಬೇಕಲ್ರಿ." ದೇವರ ಕೋಣೆಯಿಂದ ಅತ್ತೆ ಸುಮಿತ್ರಾಬಾಯಿಯ ಧ್ವನಿ ಬಂತು: "ಹೊರಗ ಹೋಗೋ ಹೊತ್ತಿಗಿ ಅಂಥ ಮಾತು ಬ್ಯಾಡ ಬೇ. ವಿಭೂತಿ ಹಚ್ಕೊಂಡು ಹೋಗು." ಅತ್ತೆ ಲಿಂಗಪೂಜೆಗೆ ಕೂತಿದ್ದರು. ಬಸವೇಶ್ವರಿ ಬಾಗಿ ಹಣೆಯೊಡ್ಡಿದಳು. ಅತ್ತೆಯ ತಣ್ಣಗಿನ ಮೂರು ಬೆರಳು ಹಣೆಯ ಮೇಲೆ ಹರಿದಾಗ ಅವಳಿಗೆ ಇಂದು ಎಲ್ಲ ನೆಟ್ಟಗಾಗುತ್ತದೆ ಎಂಬ ಧೈರ್ಯ ಬಂತು.

ಶಾಲೆಗೆ ಹೋಗುವ ಮೊದಲು ಹಿಂದಿನ ಓಣಿಗೆ ಹೋದಳು. ಬಾನುಬಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಮೇಲೆ ನೋಡಲಿಲ್ಲ. ಇವಳ ಮನಸ್ಸಿನಲ್ಲಿದ್ದದ್ದು ಅವಳಿಗೆ ನಿನ್ನೆಯಿಂದ ಗೊತ್ತು. "ಬ್ಯಾಡ ಬಸವಕ್ಕಾ. ನಮ್ಮ ಮನಿ ತೋರಿಸಬ್ಯಾಡ್ರಿ. ನಮ್ಮ ಮಾವ ಕಟ್ಟಿದ ಮನಿ. ಇದಕ್ಕೊಂದು ನಂಬರ್ ಅದ. ನಾಳಿಗಿ ಇದು ಮನೀನೇ ಅಲ್ಲ ಅಂದ್ರ, ನಂಬರ್ ಹೋತು, ನಂಬರ್ ಹೋದ್ರ ವೋಟ್ ಹೋತು, ಆಮ್ಯಾಲ ನೀವು ಯಾರು ಅಂತ ಕೇಳ್ತಾರ ನಮಗ." "ಮನಿ ಬಿದ್ರ ವೋಟ್ ಹೋಗಂಗಿಲ್ಲ ಬೇ. ನಾ ತಿಳ್ಕೊಂಡೇನಿ." "ನಿಮ್ಮ ತಿಳಿಯೋದು ಬ್ಯಾರೆ, ನಮ್ಮ ತಿಳಿಯೋದು ಬ್ಯಾರೆ." ಬಾನುಬಿಯ ಗಂಡ ಲಾಲಸಾಬ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದವನು, "ಮ್ಯಾಲ ಹತ್ತಾಕ ನಿಚ್ಚಣಿಕಿ ಎಲ್ಲದ? ನಮ್ದು ಮುರ್ದು ಒಲಿಗಿ ಹೋತು" ಎಂದ, ಅದರಿಂದಲೇ ಮಾತು ಮುಗಿಯುತ್ತದೆ ಅನ್ನುವ ಹಾಗೆ. "ನಮ್ಮ ಮನ್ಯಾಗ ಅದ, ಈಗೇ ಹೋಗಿ ತರ್ರಿ. ಅತ್ತಿಯವ್ರಿಗಿ ಹೇಳ್ರಿ ನಾ ಹೇಳೇನಿ ಅಂತ." ಅವಳು ಬಾನುಬಿಯ ಒದ್ದೆ ಕೈ ಹಿಡಿದಳು. ಬೂದಿ ಇಬ್ಬರ ಅಂಗೈಗೂ ಅಂಟಿತು. "ಏನಾರ ಆದ್ರ ನಾ ಇದ್ದೇನಿ." ಬಾನುಬಿ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ನಾ ಇದ್ದೇನಿ ಅನ್ನುವುದು ಎಷ್ಟು ಸುಲಭದ ಮಾತು. ಮತ ಕೇಳಲು ಬಂದಾಗಲೂ ಅದನ್ನೇ ಹೇಳಿದ್ದಳು, ಇದೇ ಅಂಗಳದಲ್ಲಿ, ಇದೇ ಕೈ ಹಿಡಿದು. ಆದರೆ ಈ ಸಲ ಅದು ಬೇರೆ, ಈ ಸಲ ಖರೆ, ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಶಾಲೆಯ ಕಡೆ ಬಿರುಸಾಗಿ ನಡೆದಳು.

ಶಾಲೆಯ ಬಾಗಿಲಲ್ಲಿ ಮಕ್ಕಳನ್ನು ಎರಡು ಸಾಲು ನಿಲ್ಲಿಸಿ ಕೈಗೆ ಚೆಂಡು ಹೂ ಕೊಟ್ಟಿದ್ದರು. ಶಾಂಭವಿಯನ್ನು ಸಾಲಿನಲ್ಲಿ ಹುಡುಕಿದಳು, ಅಷ್ಟರಲ್ಲಿ ಕಾರುಗಳು ಬಂದವು. ಹಾಲಿನಲ್ಲಿ ಮುಂದಿನ ಸಾಲಿನ ಕುರ್ಚಿಗಳಿಗೆ ಟವೆಲ್ಲು ಹೊದಿಸಿದ್ದರು. ಒಂದರಲ್ಲಿ ತಾಲೂಕು ಅಧಿಕಾರಿ, ಒಂದರಲ್ಲಿ ಪಿಡಿಓ, ಮತ್ತೊಂದರ ಹತ್ತಿರ ಸಂಜುಕುಮಾರನನ್ನು ಯಾರೋ ಕೈ ಹಿಡಿದು ಕೂರಿಸುತ್ತಿದ್ದರು. ಅವಳಿಗೆ ಹಿಂದೆ, ಕಂಬದ ಪಕ್ಕ, ಟವೆಲ್ಲಿಲ್ಲದ ಕುರ್ಚಿ. ಹಿಂದಿನ ಬೆಂಚಿನ ಆ ಹಳೆಯ ಚಹಾದ ರುಚಿ ಬಾಯಿಗೆ ಬಂದಂತಾಯಿತು. ಆಮೇಲೆ ಅವಳು ಕುರ್ಚಿಯನ್ನು ತಾನೇ ಎತ್ತಿಕೊಂಡು ಸಾಲು ಸೀಳಿ ಮುಂದೆ ಬಂದು, ಸಮಿತಿಯವರ ಮೇಜಿನ ಎದುರಿಗೆ ನೆಲಕ್ಕೆ ಸದ್ದಾಗುವಂತೆ ಇಟ್ಟು ಕೂತಳು. ಸಮಿತಿಯ ಅಧ್ಯಕ್ಷೆ ನೆರೆಗೂದಲಿನ, ದಪ್ಪ ಕನ್ನಡಕದ ಹೆಂಗಸು, ಉತ್ತರದ ಕಡೆಯವರು. ಕುರ್ಚಿಯ ಸದ್ದಿಗೆ ತಲೆಯೆತ್ತಿ, ಕನ್ನಡಕದ ಮೇಲಿನಿಂದ ನೋಡಿ, ಸಣ್ಣಗೆ ನಕ್ಕರು. ಸಂಜುಕುಮಾರ ಸದ್ದಿಲ್ಲದೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

ಪಿಡಿಓ ಓದಿದ: ಇಷ್ಟು ಮನೆ ಮಂಜೂರು, ಇಷ್ಟು ಪೂರ್ಣ, ಹಿಂದಿನ ಓಣಿಯ ಮನೆಗಳೆಲ್ಲ ಕಲ್ಲಿನವು, ಪಕ್ಕಾ, ಸುರಕ್ಷಿತ. ಸಮಿತಿಯ ಅಧ್ಯಕ್ಷೆ ಹಿಂದಿಯಲ್ಲಿ ಏನೋ ಕೇಳಿದರು. ಪಕ್ಕದಲ್ಲಿ ನಿಂತ ತರ್ಜುಮೆಯ ಸಾಹೇಬ, ಇಸ್ತ್ರಿಯ ಅಂಗಿಯವ, "ಪಂಚಾಯ್ತಿ ಅಧ್ಯಕ್ಷರು ಏನಂತಾರ ಅಂತ ಕೇಳಾಕತ್ತಾರ" ಎಂದ. ಬಸವೇಶ್ವರಿ ಎದ್ದು ನಿಂತಳು. "ಗ್ವಾಡಿ ಕಲ್ಲಿಂದೇ ಅದ್ರಿ. ಆದ್ರ ಗ್ವಾಡಿ ಮ್ಯಾಲ ಏನದ ಅಂತ ಯಾರೂ ನೋಡಿಲ್ರಿ. ಇಲ್ಲಿ ಕೂತು ಕೇಳಿದ್ರ ತಿಳಿಯಂಗಿಲ್ಲ. ನೀವು ಮಾಳಗಿ ಹತ್ತಿ ನೋಡ್ರಿ." ಸಾಹೇಬ ತಾಲೂಕು ಅಧಿಕಾರಿಯ ಮುಖವನ್ನು ಒಮ್ಮೆ ನೋಡಿ, ಉದ್ದನೆಯ ಹಿಂದಿಯಲ್ಲಿ ನಗುನಗುತ್ತ ಏನೋ ಹೇಳಿದ. ಅಧ್ಯಕ್ಷೆ ತಲೆದೂಗಿ ಕೈ ಮುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಮಾತಿಗೆ ಇಷ್ಟು ಸಂತೋಷ ಯಾಕೆ ಎಂದು ಬಸವೇಶ್ವರಿಗೆ ಗೊತ್ತಾಗುವ ಮೊದಲೇ ಹಿಂದಿನ ಬಾಗಿಲಿನಿಂದ ಬಾನುಬಿಯ ಧ್ವನಿ ಎದ್ದಿತು. ಅವಳು ಯಾವಾಗ ಬಂದಿದ್ದಳೋ, ತಲೆಯ ಮೇಲೆ ಸೆರಗು ಎಳೆದುಕೊಂಡು, ಒಂದು ಕಾಲು ಹೊಸ್ತಿಲ ಹೊರಗೇ ಇಟ್ಟು ನಿಂತಿದ್ದಳು. "ಅಮ್ಮಾ! ಇನೋ ವೈಸಾ ನೈ ಬೋಲೇ. ಉಪ್ಪರ್ ಚಢ್‌ಕೋ ದೇಖೋ ಬೋಲೇ!" ಇವರು ಹಾಗನ್ನಲಿಲ್ಲ, ಮೇಲೆ ಹತ್ತಿ ನೋಡಿ ಅಂದರು ಎಂದು, ತನ್ನ ಮನೆಯ ಮಾತಿನಲ್ಲಿ, ಬಾವಿಕಟ್ಟೆಯಲ್ಲಿ ಬೈದಾಡುವ ಅದೇ ದಖನಿಯಲ್ಲಿ ಕೂಗಿದ್ದಳು. ದಿಲ್ಲಿಯ ಹೆಂಗಸಿಗೆ ಅದು ಒಂದಕ್ಷರ ಬಿಡದೆ ತಿಳಿಯಿತು. ಅವರು ತರ್ಜುಮೆಯವನ ಕಡೆ ತಿರುಗಿ ಕೇಳಿದ ಪ್ರಶ್ನೆ ಬಸವೇಶ್ವರಿಗೆ ಹಿಂದಿ ಬರದಿದ್ದರೂ ಅರ್ಥವಾಯಿತು, ಏಕೆಂದರೆ ಆ ಸಾಹೇಬ ಕುಗ್ಗಿ ಅವನ ಇಸ್ತ್ರಿಯ ಅಂಗಿ ಒಮ್ಮೆಲೇ ದೊಡ್ಡದಾದಂತೆ ಕಂಡಿತು. "ಇವ ಏನಂದಿದ್ದ ಬೇ?" ಎಂದು ಬಾನುಬಿಯನ್ನು ಆಮೇಲೆ ದಾರಿಯಲ್ಲಿ ಕೇಳಿದಳು. "ನೀವು ಊರಿನ ಪರವಾಗಿ ಅವರಿಗಿ ಶರಣು ಹೇಳಿದ್ರಂತ, ದಸರಾಕ್ಕ ಮತ್ತ ಬರ್ರಿ ಅಂದ್ರಂತ." ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬೆಳಗ್ಗೆ ಬೇಡವೆಂದವಳು ಯಾಕೆ ಬಂದಳು ಎಂದು ಕೇಳಲಿಲ್ಲ. ಬಂದಳಲ್ಲ ಎಂಬ ಹಿಗ್ಗಿನಲ್ಲಿ ಅದು ಬೇಕೆನಿಸಲಿಲ್ಲ.

ಸಮಿತಿಯ ಅಧ್ಯಕ್ಷೆ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಸವೇಶ್ವರಿಯ ಮನೆಯಿಂದ ತಂದ ನಿಚ್ಚಣಿಕೆಯನ್ನು ಲಾಲಸಾಬ ಹಿಡಿದಿರುವಂತೆಯೇ ಬಾನುಬಿಯ ಮಾಳಿಗೆಗೆ ಹತ್ತಿದರು. ಹಿಂದೆ ಬೆಟ್ಟದ ಸೀಮೆಯ ಒಬ್ಬ ಎಂಪಿ, ಅವರ ಹಿಂದೆ ಅಧಿಕಾರಿಗಳು, ಪಿಡಿಓ, ಫೋಟೊದವರು, ಊರಿನ ನಾಲ್ಕು ಜನ. ಮಾಳಿಗೆಯ ಮೇಲೆ ಹುಲ್ಲು ಹಸಿರಾಗಿ ಬೆಳೆದಿತ್ತು. ಲಾಲಸಾಬ ತಂದ ಕಬ್ಬಿಣದ ಸಲಾಕಿಯನ್ನು ಬಸವೇಶ್ವರಿ ತಾನೇ ಮಣ್ಣಿಗೆ ಒತ್ತಿದಳು. ಹಸಿ ಮಣ್ಣು, ತಡೆಯಲಿಲ್ಲ. ಗೇಣುದ್ದ ಹೋಯಿತು, ಮೊಳದುದ್ದ ಹೋಯಿತು, ಅವಳು ಮೊಣಕಾಲೂರಿ ಮತ್ತೂ ಒತ್ತಿದಾಗ ಎಲ್ಲೋ ಆಳದಲ್ಲಿ ಪರಸಿಗೆ ಟಣ್ಣೆಂದು ತಾಗಿತು. ಬೆಟ್ಟದ ಸೀಮೆಯವರು ಹೇಳಿದ್ದನ್ನು ಬಾನುಬಿ ಕೆಳಗಿನಿಂದಲೇ ಕನ್ನಡಕ್ಕೆ ತಿರುಗಿಸಿ ಕೂಗಿದಳು: "ಇವ್ರ ಊರಾಗ ಮಾಳಗಿ ಮ್ಯಾಲ ಬರ್ಫ್ ಬೀಳ್ತದಂತ, ಅವ್ರು ದಿನಾ ಎಳದು ಕೆಳಗ ಹಾಕ್ತಾರಂತ. ನೀವು ಯಾಕ ಕೆಳಗಿಂದು ಮ್ಯಾಲ ಹಾಕ್ತೀರಿ ಅಂತ ಕೇಳಾಕತ್ತಾರ." ಓಣಿಯೆಲ್ಲ ನಕ್ಕಿತು. ಬಸವೇಶ್ವರಿಯೂ ನಕ್ಕಳು. ಮೊಣಕಾಲಿಗೆ ಅಂಟಿದ ಮಣ್ಣಿನ ತಂಪು ಅವಳನ್ನು ಎಲ್ಲಿಗೋ ಒಯ್ದಿತ್ತು, ಅವ್ವನ ಕೈಯ ನೀರು, ಅಕ್ಕನ ಹೆಗಲು. ಗೆದ್ದೆ ಅನ್ನಿಸಿತು. ಇವರು ನೋಡಿದರು, ಇನ್ನು ಯಾರೂ ಇದನ್ನು ಪಕ್ಕಾ ಅನ್ನಲಾರರು. ಸಂಸತ್ತನ್ನೇ ಮಾಳಿಗೆ ಹತ್ತಿಸಿದೆ. ಆಗ ಅವಳ ಅಂಗಾಲಿನ ಕೆಳಗೆ, ಬಹಳ ಆಳದಲ್ಲಿ, ಹಳೆಯ ಹೊರಸಿನ ಮೇಲೆ ಯಾರೋ ಮಗ್ಗಲು ಬದಲಿಸಿದ ಹಾಗೆ ಜಂತಿ ಕಿರ್ರೆಂದಿತು.

ಬೇರೆಯವರಿಗೆ ಕೇಳಿಸಿರಲಿಲ್ಲ. ಅವಳಿಗೆ ಆ ಸದ್ದು ಕಾಲಿನಿಂದ ನೆತ್ತಿಗೆ ಏರಿತು. ತಡೆಯಲಾರದ ಮಾಳಿಗೆ ಎಂದು ತೋರಿಸಲು, ಆ ಮಾಳಿಗೆಯ ಮೇಲೆಯೇ ಇಷ್ಟು ಜನರನ್ನು ತಂದು ನಿಲ್ಲಿಸಿದ್ದಳು! ಹುಟ್ಟಿದಾಗಿನಿಂದ ಮಾಳಿಗೆ ಎಂದರೆ ಹತ್ತುವುದು, ಕುಣಿಯುವುದು, ಒಣಹಾಕುವುದು. ಮೇಲೆ ನಿಂತ ಜನವೂ ಭಾರವೇ ಎಂದು ಅವಳಿಗಾಗಲಿ, ಲಾಲಸಾಬನಿಗಾಗಲಿ, ಓಣಿಯಲ್ಲಿ ಒಬ್ಬರಿಗಾಗಲಿ ಹೊಳೆದಿರಲಿಲ್ಲ. ಕೆಳಗೆ ಯಾರಿದ್ದಾರೆ? ಬಾನುಬಿಯ ಅತ್ತೆ, ಹಾಸಿಗೆ ಹಿಡಿದ ಮುದುಕಿ. ಕೂಗಬಾರದು, ಕೂಗಿದರೆ ಎಲ್ಲರೂ ಒಮ್ಮೆಲೇ ನಿಚ್ಚಣಿಕೆಯ ಕಡೆ ಓಡುತ್ತಾರೆ. ಅವಳು ಎದ್ದು, ಮಗಳನ್ನು ಊಟಕ್ಕೆ ಕರೆಯುವ ಧ್ವನಿಯಲ್ಲಿ, "ಸಾಕ್ರಿ, ನೋಡಿದ್ದಾತಲ್ರಿ. ಒಬ್ಬೊಬ್ರೇ ಇಳೀರಿ. ಪಿಡಿಓ ಸಾಹೇಬ್ರ, ನೀವು ಕುಂಬಿ ಕಡೀ ಸರೀರಿ, ನಡುವ ನಿಲ್ಲಬ್ಯಾಡ್ರಿ" ಎಂದಳು. ಸಮಿತಿಯ ಅಧ್ಯಕ್ಷೆ ಅವಳ ಮುಖ ನೋಡಿದರು, ಏನೂ ಕೇಳದೆ ಮೊದಲು ಇಳಿದರು. ಎಲ್ಲರೂ ಇಳಿದ ಮೇಲೆ ಅವಳು ಇಳಿದು, ಚಪ್ಪಲಿ ಮೆಟ್ಟದೆ, ಒಳಮನೆಗೆ ನುಗ್ಗಿದಳು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಮಣ್ಣಿನ ಹುಡಿ ತೇಲುತ್ತಿತ್ತು. ಮುದುಕಿ ಮೂಲೆಯಲ್ಲಿ ಕಣ್ಣು ಮುಚ್ಚಿ ತುಟಿಯಾಡಿಸುತ್ತಿದ್ದಳು. ಕಬ್ಬಿಣದ ಮಂಚದ ಕೆಳಗಿನಿಂದ ಯಾರೋ ಪಿಸುಗುಟ್ಟಿದರು. ಬಾಗಿ ನೋಡಿದಳು. ಬಾನುಬಿಯ ಮಗಳು ಮಿನಾಜ, ಒಂದು ಕೌದಿಯ ಮೇಲೆ ಬೋರಲಾಗಿ ಮಲಗಿ, ತಲೆಯ ಮೇಲೆ ಎರಡೂ ಕೈ. ಅವಳ ಪಕ್ಕ, ಅದೇ ರೀತಿ ಕೈ ಇಟ್ಟುಕೊಂಡು, ಬೆಳಗ್ಗೆ ತಾನೇ ಹೆಣೆದ ಎರಡು ಜಡೆಗಳ ಶಾಂಭವಿ.

"ಹೆದರಬ್ಯಾಡ್ರಿ ಚಾಚಿ" ಎಂದಳು ಮಿನಾಜ, ಅವಳನ್ನೇ ಸಮಾಧಾನ ಮಾಡುವ ಹಾಗೆ. "ಮಣ್ಣು ಉದುರಿದ್ರ ಹಿಂಗ ಮಲಗಬೇಕು. ನಾ ದಿನಾ ಇಲ್ಲೇ ಮಲಗ್ತೇನಿ." ಬಸವೇಶ್ವರಿ ಇಬ್ಬರನ್ನೂ ರಟ್ಟೆ ಹಿಡಿದು ಎಳೆದು ಅಂಗಳಕ್ಕೆ ತಂದಳು. ಮಗಳ ಬೆನ್ನಿಗೆ ಒಂದು ಬಾರಿಸಲು ಎತ್ತಿದ ಕೈ ಅವಳ ಕೂದಲಿನ ಮಣ್ಣು ಕೊಡವತೊಡಗಿತು. "ಸಾಲಿ ಬಿಟ್ಟು ಇಲ್ಲ್ಯಾಕ ಬಂದಿ?" "ಮಿನಾಜ ಸಾಲಿಗಿ ಬಂದಿರ್ಲಿಲ್ಲ. ಅಕೀ ಅಜ್ಜಿ ಹಂತ್ಯಾಕ ಯಾರೂ ಇರ್ಲಿಲ್ಲ." ಮಿನಾಜ ಇದೇ ಮಂಚದ ಕೆಳಗೆ ಮಲಗುತ್ತಾಳೆ ಎಂಬುದು ಶಾಂಭವಿಗೆ ಎಷ್ಟು ದಿನದಿಂದ ಗೊತ್ತು? ತಾನು ಅಧ್ಯಕ್ಷೆ, ಮಲ್ಕಪ್ಪನ ಮನೆಯ ಪದರುಗಳನ್ನು ನೋಡಿದವಳು, ಸಮಿತಿಗೆ ತೋರಿಸಲು ವಾರವೆಲ್ಲ ಮಾತು ಕೂಡಿಸಿದವಳು. ಈ ಮನೆಯೊಳಗೆ ಒಮ್ಮೆಯೂ ಬಾಗಿ ಬಂದಿರಲಿಲ್ಲ. ಇಂದು ಬಂದದ್ದೂ ಯಾರನ್ನೂ ಕೇಳದೆ, ಕೆಸರುಗಾಲಿನಲ್ಲಿ.

ಸಮಿತಿಯ ಅಧ್ಯಕ್ಷೆ ಓಣಿಯ ನಡುವೆ ನಿಂತು ಅಧಿಕಾರಿಗಳಿಗೆ ಹೇಳಿದ್ದನ್ನು ಬಾನುಬಿ ಸಾಲು ಸಾಲಾಗಿ ಕನ್ನಡಕ್ಕೆ ತಂದಳು. ಈ ಓಣಿಯಲ್ಲಿ ಇಂದಿನಿಂದ ಯಾರೂ ರಾತ್ರಿ ಮಲಗಬಾರದು. ಫೋಟೊ ನೋಡಿ ಪಕ್ಕಾ ಅನ್ನುವ ಸರ್ವೆಯ ಬಗ್ಗೆ ನಾವು ದಿಲ್ಲಿಯಲ್ಲಿ ಕೇಳುತ್ತೇವೆ. ಮನೆ ಬಿಟ್ಟವರ ಹೆಸರು ಮತದಾರರ ಪಟ್ಟಿಯಿಂದ ಹೋಗುವುದಿಲ್ಲ. ಕೊನೆಯ ಮಾತನ್ನು ಬಾನುಬಿ ಎರಡು ಸಲ ಹೇಳಿದಳು, ಎರಡನೆಯ ಸಲ ಲಾಲಸಾಬನ ಕಡೆ ತಿರುಗಿ. ಅಧಿಕಾರಿಗಳು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಹೊರಡುವಾಗ ಅಧ್ಯಕ್ಷೆ ಬಸವೇಶ್ವರಿಯ ಮಣ್ಣಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಏನೋ ಅಂದರು. ಬಸವೇಶ್ವರಿ ಬಾನುಬಿಯ ಕಡೆ ತಿರುಗಿದಳು. "ಏನಂದ್ರು ಬೇ?" "ಇವ್ರೆಲ್ಲಾ ಇನ್ನ ನಿಮ್ಮ ಜಿಮ್ಮಾ ಅಂದ್ರು, ನೀವೇ ನೋಡ್ಕೋಬೇಕಂತ, ಬಸವಕ್ಕಾ." ಕಾರುಗಳು ಅಫಜಲಪುರದ ದಾರಿ ಹಿಡಿದವು. ಚೆಂಡು ಹೂ ರಸ್ತೆಯ ಮೇಲೆ ಉಳಿದವು.

ಮಧ್ಯಾಹ್ನವೆಲ್ಲ ಅವಳು ಕೂರಲಿಲ್ಲ. ಸಮುದಾಯ ಭವನದ ಕೀಲಿ ಬೇಕೆಂದರೆ, ಒಳಗೆ ಮತದಾರರ ಪಟ್ಟಿಯ ಕೆಲಸದ ಸಾಮಾನು ಇದೆ, ಕೀಲಿ ಆಳಂದದ ತಾಲೂಕು ಸಾಹೇಬರ ಹತ್ತಿರ, ಸಾಹೇಬರು ಸಮಿತಿಯ ಹಿಂದೆ ಜೇವರ್ಗಿಗೆ ಹೋಗಿದ್ದಾರೆ. ಶಾಲೆಯ ಕೋಣೆಗೆ ಮೇಲಿನವರ ಒಪ್ಪಿಗೆ ಬೇಕು. ತಗಡಿನ ಶೆಡ್ಡು ನಾಳೆ ಬರುತ್ತದೆ. "ನಾಳಿ ಖಂಡಿತ್ರಿ" ಎಂದ ಕಲ್ಯಾಣಕುಮಾರ, ಈಗ ಅವನ ಧ್ವನಿಯಲ್ಲಿ ಅವಳ ಬಗ್ಗೆ ಹೊಸದೊಂದು ಭಯವಿತ್ತು. ಅದು ಅವಳಿಗೆ ಸೇರಿತು ಕೂಡ. ಜಿಡಗಾ ಮಠಕ್ಕೆ ಫೋನು ಮಾಡಿದಳು. ಬರ್ರಿ, ಪ್ರಸಾದ ನಿಲಯದಲ್ಲಿ ಜಾಗ ಇದೆ ಅಂದರು. ಟೆಂಪೊ ಮಾಡಿಸಿ, ಕುಸಿಯದೆ ಉಳಿದ ಮೂಲೆಯಲ್ಲೇ ಇದ್ದ ಮಲ್ಕಪ್ಪನ ಮನೆಯವರನ್ನೂ ಇನ್ನೊಂದು ಮನೆಯವರನ್ನೂ ಕಳಿಸಿದಳು. ಬಾವಿಯ ಹತ್ತಿರದವರು ನರೋಣಾದ ಬೀಗರ ಮನೆಗೆ ಹೋದರು. ಒಂದೊಂದೇ ಬಾಗಿಲಿಗೆ ಚಿಲಕ ಬೀಳುವುದನ್ನು ನಿಂತು ನೋಡಿದಳು. ಉಳಿದದ್ದು ಬಾನುಬಿಯ ಮನೆ. ಲಾಲಸಾಬನ ಅಣ್ಣ ಸರಸಂಬಾದಲ್ಲಿದ್ದಾನೆ, ನಾಳೆ ಗಾಡಿ ತರುತ್ತಾನೆ. ಮುದುಕಿಯನ್ನು ಟೆಂಪೊದಲ್ಲಿ ಕುಲುಕಿಸಿ ಒಯ್ಯುವ ಹಾಗಿಲ್ಲ. "ಏನಾರ ಮಾಡೂನು ಬೇ" ಎಂದು ಹೇಳಿ ಮನೆಗೆ ಬಂದಿದ್ದಳು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಏನಾದರೂ ಎಂದರೆ ಏನು ಎಂದು ಅವಳ ಮನಸ್ಸು ಕೇಳಲಿಲ್ಲ. ಮಠ, ಭವನ, ಶೆಡ್ಡು, ಸಾಹೇಬರ ನಂಬರು, ಎಲ್ಲ ಬಾಗಿಲನ್ನೂ ಬಡಿದು ಬಂದ ಮನಸ್ಸು ತನ್ನ ಮನೆಯ ಮೆಟ್ಟಿಲಿನ ಹತ್ತಿರ ಬರುವಾಗ ಮಾತ್ರ ಮೆಲ್ಲಗೆ ಬೇರೆ ಓಣಿಗೆ ಹೊರಳುತ್ತಿತ್ತು. ಮೇಲೆ ಒಂದು ಕೋಣೆ ಇತ್ತು. ಸ್ಲ್ಯಾಬಿನದು, ಗಾಳಿ ಬೆಳಕಿನದು, ತೊಗರಿ ಬಂದಾಗ ಚೀಲ ಇಡುವುದು. ಈಗ ಖಾಲಿ.

ದೀಪ ಹಚ್ಚುವ ಹೊತ್ತಿಗೆ ಲಾಲಸಾಬ ನಿಚ್ಚಣಿಕೆ ಹೊತ್ತು ತಂದ. ಹಿಂದೆ ಬಾನುಬಿ, ಅವಳ ಸೆರಗು ಹಿಡಿದು ಮಿನಾಜ. "ಬಾರವ್ವಾ ಬಾನುಬಿ, ಕೂಡು. ಛಲೋ ಮಾತಾಡ್ದಿಯಂತಲ್ಲ, ಊರೆಲ್ಲಾ ಅದೇ ಸುದ್ದಿ" ಎಂದರು ಅತ್ತೆ ಒಳಗಿನಿಂದ, ಪ್ರೀತಿಯಿಂದಲೇ. "ಏ, ಚಾ ಇಡು ಅವ್ರಿಗಿ." ಸಂಜುಕುಮಾರ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಅಲ್ಲೋ, ಎಂಪಿಗೋಳ್ನ ಮಾಳಗಿ ಹತ್ಸ್ಯಾಳಪ್ಪಾ ನಮ್ಮಾಕಿ! ಈ ಸಲ ನೋಡು ಬೇಕಾದ್ರ, ಆ ಓಣಿ ಒಂದ್ ವೋಟ್ ಆಚೀಚಿ ಆಗಂಗಿಲ್ಲ." ಬಾನುಬಿ ಎಂದಿನಂತೆ ಕಟ್ಟೆಯ ಅಂಚಿನಲ್ಲಿ ಕೂತಳು. ಚಹಾ ಕೊಡಲು ಬಂದ ಬಸವೇಶ್ವರಿ ಅದನ್ನು ಇಂದು ಮೊದಲ ಸಲ ಕಂಡಳು. ಇಷ್ಟು ವರ್ಷದಲ್ಲಿ ಬಾನುಬಿಗೆ ಒಳಗೆ ಬರಬೇಡ ಎಂದು ಈ ಮನೆಯಲ್ಲಿ ಯಾರೂ ಅಂದಿರಲಿಲ್ಲ. ಅನ್ನುವ ಪ್ರಸಂಗವೇ ಬರದ ಹಾಗೆ ಬಾನುಬಿ ಕಟ್ಟೆಯ ಅಂಚಿನಲ್ಲಿ ಕೂರುತ್ತಿದ್ದಳು. ಇವರ ಮನೆಗೆ ಮೇಲೊಂದು ಕೋಣೆ ಇದೆಯೆಂಬುದನ್ನು ಅವಳು ಹೊರಗಿನ ಕಿಟಕಿಯಿಂದ ಮಾತ್ರ ಬಲ್ಲಳು. "ರಾತ್ರಿ ಹೆಂಗ್ ಮಾಡ್ತೀ ಬೇ?" ಎಂದಳು ಬಸವೇಶ್ವರಿ. ತನ್ನ ಧ್ವನಿ ತನಗೇ ಮತ ಕೇಳುವವರ ಧ್ವನಿಯ ಹಾಗೆ ಕೇಳಿಸಿತು. "ಏನದ್ರಿ, ಮುದುಕೀನ ಹೊರಗ ಅಂಗಳದಾಗ ಹಾಕಿ ಮ್ಯಾಲ ತಾಡಪಾಲ ಎಳೀತೇವಿ. ಮಳಿ ಜೋರ್ ಬಂದ್ರ ಒಳಗ ಹೋಗ್ತೇವಿ. ಒಂದು ರಾತ್ರಿ." ಬಾನುಬಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಗುಡುಗಿತು. ಸಂಜುಕುಮಾರ ಫೋನು ಕಿವಿಯಿಂದ ಇಳಿಸಿ ಮೋಡ ನೋಡಿದ, ಅತ್ತೆ ಬತ್ತಿ ಸರಿಮಾಡಿದರು. ಈ ಮೌನದಲ್ಲಿ ಯಾರ ಮನಸ್ಸೂ ಕೆಟ್ಟದಿರಲಿಲ್ಲ. ಅದರಿಂದಲೇ ಬಸವೇಶ್ವರಿಗೆ ದಿಗಿಲಾಯಿತು. ಬಾಯಿ ತೆರೆಯಬೇಕು, ಈಗ, ಅಂದುಕೊಂಡಳು. ಇಷ್ಟು ಜನರ ಮುಂದೆ ಎದ್ದು ನಿಂತು ಮಾತಾಡಿದವಳಿಗೆ ನಾಲ್ಕು ಮಾತು ಯಾವ ದೊಡ್ಡದು?

ಪಡಸಾಲೆಯ ಮೆಟ್ಟಿಲ ಮೇಲೆ ಪಾಠ ಬರೆಯುತ್ತಿದ್ದ ಶಾಂಭವಿ ಎದ್ದು ಬಂದು ಅವಳಿಗೂ ಬಾನುಬಿಗೂ ನಡುವೆ ನಿಂತಳು. ಬೆಳಗ್ಗೆಯಿಂದ ಹೊತ್ತು ತಿರುಗಿದ್ದನ್ನು ಇಳಿಸುವವಳ ಹಾಗೆ ಒಮ್ಮೆ ಉಸಿರು ಎಳೆದುಕೊಂಡಳು. ಗುಟ್ಟಿನಲ್ಲಲ್ಲ, ಅಜ್ಜಿಗೂ ಅಪ್ಪನಿಗೂ ಕೇಳಿಸುವ ಹಾಗೆ, ಶಾಲೆಯ ಹಾಲಿನಲ್ಲಿ ಸಮಿತಿಯವರು ಕೇಳಿದ ಹಾಗೆ ನೆಟ್ಟಗೆ ಮುಖ ನೋಡಿ ಕೇಳಿದಳು:

"ಅವ್ವಾ, ಮಿನಾಜ ನಮ್ಮ ಮನ್ಯಾಗ ಮಲಗಿದ್ರ ಏನಾಗ್ತದ?"